ಸೊಂಟದ ಕೀಲು ಬದಲಾವಣೆ: ಗಾಯ ಚಿಕ್ಕದಾದರೆ ಆಪರೇಷನ್ ಉತ್ತಮವೇ?

‘ಸೊಂಟದ ಕೀಲು ಬದಲಿಸಲು ದೊಡ್ಡ ಆಪರೇಷನ್ ಬೇಡ, ಕೀಹೋಲ್ ಸಾಕು. ನೋವಿಲ್ಲ, ಕೀಲು ಹೆಚ್ಚು ಕಾಲ ಬಾಳುತ್ತದೆ’ ಎಂಬ ಅರ್ಥದ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿರುತ್ತವೆ. ಇದರಲ್ಲಿ ನಿಜವೆಷ್ಟು ಎಂದು ನಾವು ಪರಿಶೀಲಿಸಿದ್ದೇವೆ.

ಇದು ಕೀಹೋಲ್ ಆಪರೇಷನ್ನೇ?

ಅಲ್ಲ. ಪಿತ್ತಕೋಶದ ಆಪರೇಷನ್‌ನಂತೆ ಸಣ್ಣ ರಂಧ್ರದಲ್ಲಿ ಕ್ಯಾಮೆರಾ ತೂರಿಸಿ ಇದನ್ನು ಮಾಡುವುದಿಲ್ಲ. ಎರಡೂ ವಿಧಾನಗಳಲ್ಲಿ ತೊಡೆಮೂಳೆಯ ಸವೆದ ತುದಿಯನ್ನು ಕತ್ತರಿಸಿ ತೆಗೆದು, ಕೃತಕ ಗುಂಡು ಮತ್ತು ಬಟ್ಟಲನ್ನು ಕೂರಿಸುತ್ತಾರೆ. ಇಂಪ್ಲಾಂಟ್ ಕೂಡ ಸಾಮಾನ್ಯವಾಗಿ ಒಂದೇ ಬಗೆಯದು.

ಹಾಗಾದರೆ ವ್ಯತ್ಯಾಸವೇನು?

ಸಾಂಪ್ರದಾಯಿಕ ವಿಧಾನದಲ್ಲಿ ಗಾಯ ಸುಮಾರು 15ರಿಂದ 25 ಸೆಂ.ಮೀ. ಇರುತ್ತದೆ. ಚಿಕ್ಕ ಗಾಯದ ವಿಧಾನದಲ್ಲಿ ಸುಮಾರು 10 ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆ. ಸೊಂಟದ ಮುಂಭಾಗದಿಂದ ಮಾಡುವ ‘ಡೈರೆಕ್ಟ್ ಆಂಟೀರಿಯರ್’ ವಿಧಾನದಲ್ಲಿ ಸ್ನಾಯುಗಳನ್ನು ಕತ್ತರಿಸುವ ಬದಲು ಅವುಗಳ ನಡುವೆ ದಾರಿ ಮಾಡಿಕೊಳ್ಳುತ್ತಾರೆ.

ಬೇಗ ಗುಣವಾಗುತ್ತದೆಯೇ?

ಬೆಲ್‌ಫಾಸ್ಟ್‌ನಲ್ಲಿ 219 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 10 ಸೆಂ.ಮೀ. ಒಳಗಿನ ಗಾಯವನ್ನು 16 ಸೆಂ.ಮೀ. ಗಾಯದೊಂದಿಗೆ ಹೋಲಿಸಲಾಯಿತು. ನೋವು, ರಕ್ತಸ್ರಾವ, ನಡಿಗೆ ಯಾವುದರಲ್ಲೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮುಂಭಾಗದ ವಿಧಾನದಲ್ಲಿ ಮೊದಲ ಕೆಲವು ವಾರ ಚೇತರಿಕೆ ಚುರುಕಾಗಿರಬಹುದು. ಆದರೆ ಕೆಲವು ತಿಂಗಳಲ್ಲಿ ಎಲ್ಲರೂ ಹೆಚ್ಚುಕಡಿಮೆ ಒಂದೇ ಹಂತಕ್ಕೆ ಬರುತ್ತಾರೆ. ಮರುದಿನವೇ ನಡೆಯುವುದು ಚಿಕ್ಕ ಗಾಯದ ಪವಾಡವಲ್ಲ. ಉತ್ತಮ ನೋವು ನಿಯಂತ್ರಣ ಮತ್ತು ಫಿಸಿಯೋಥೆರಪಿ ಇದ್ದರೆ ಎರಡೂ ವಿಧಾನಗಳಲ್ಲಿ ಅದು ಸಾಧ್ಯ.

ಅಪಾಯವಿಲ್ಲವೇ?

ಇದೆ. ಗಾಯ ಚಿಕ್ಕದಾದಷ್ಟೂ ವೈದ್ಯರಿಗೆ ಒಳಗಿನದು ಕಡಿಮೆ ಕಾಣುತ್ತದೆ. ಅನುಭವ ಸಾಲದಿದ್ದರೆ ಇಂಪ್ಲಾಂಟ್ ಓರೆಯಾಗಿ ಕೂರಬಹುದು. ಮುಂಭಾಗದ ವಿಧಾನದಲ್ಲಿ ನರಕ್ಕೆ ಪೆಟ್ಟಾಗಿ ತೊಡೆಯ ಹೊರಭಾಗ ಜೋಮು ಹಿಡಿಯುವುದುಂಟು. ಬೊಜ್ಜು ಹೆಚ್ಚಿರುವವರಿಗೆ, ಮೂಳೆಯ ಆಕಾರ ಕೆಟ್ಟಿರುವವರಿಗೆ, ಅದೇ ಕೀಲಿಗೆ ಹಿಂದೆ ಆಪರೇಷನ್ ಆದವರಿಗೆ ಚಿಕ್ಕ ಗಾಯದ ವಿಧಾನ ಹೊಂದದೆ ಇರಬಹುದು.

ಕೀಲು ಹೆಚ್ಚು ಬಾಳುತ್ತದೆಯೇ?

ಗಾಯದ ಉದ್ದದಿಂದ ಬಾಳಿಕೆ ಹೆಚ್ಚುವುದಿಲ್ಲ. ಇಂಪ್ಲಾಂಟ್‌ನ ಗುಣಮಟ್ಟ, ಅದು ಸರಿಯಾಗಿ ಕೂತಿರುವುದು, ರೋಗಿಯ ವಯಸ್ಸು ಮುಖ್ಯ. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸುಮಾರು 58 ಶೇಕಡಾ ಕೃತಕ ಸೊಂಟದ ಕೀಲುಗಳು 25 ವರ್ಷ ಬಾಳುತ್ತವೆ.

ನಮ್ಮ ತೀರ್ಮಾನ

ಸಂದೇಶದಲ್ಲಿ ನಿಜವಿರುವುದು ಗಾಯ ಚಿಕ್ಕದು ಎಂಬಷ್ಟೇ. ಅದೊಂದಕ್ಕಾಗಿ ಹೆಚ್ಚುವರಿ ಸಾಲ ಮಾಡುವ ಮುನ್ನ ವೈದ್ಯರನ್ನು ಕೇಳಿ: ಈ ವಿಧಾನದಲ್ಲಿ ನೀವು ಎಷ್ಟು ಆಪರೇಷನ್ ಮಾಡಿದ್ದೀರಿ? ನನಗೆ ಇದೇ ಏಕೆ ಸೂಕ್ತ? ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಹುದೇ, ಇಂಡಿಯನ್ ಟಾಯ್ಲೆಟ್ ಬಳಸಬಹುದೇ?