ಹರಿಕಾರನ ಗೆಜ್ಜೆ

ಅಂಚೆಯ ಚರಿತ್ರೆಯನ್ನು ನಿರೂಪಿಸುವ ವಸ್ತುಸಂಗ್ರಹಾಲಯವನ್ನು ಹೊಕ್ಕವರ ಕಣ್ಣನ್ನು ಮೊದಲು ಸೆಳೆಯುವುವು ಬಣ್ಣಬಣ್ಣದ ಅಂಚೆಚೀಟಿಗಳು. ಆದರೆ ನೋಡುವವರನ್ನು ಬಹುಕಾಲ ನಿಲ್ಲಿಸತಕ್ಕುದು ಗೆಜ್ಜೆ ಕಟ್ಟಿದ ಈಟಿ. ಅದು ಹರಿಕಾರನದು. ಕಾಗದದ ಚೀಲವನ್ನು ಹೆಗಲಿಗೇರಿಸಿ ಕಾಡುಮೇಡುಗಳಲ್ಲಿ ಓಡುತ್ತಿದ್ದ ಅವನಿಗೆ ಈಟಿಯು ಮೃಗಚೋರರಿಂದ ರಕ್ಷೆ. ಗೆಜ್ಜೆಯು ಮುಂದಿನ ಠಾಣ್ಯದಲ್ಲಿ ಕಾದಿರುವವನಿಗೆ ಸೂಚನೆ. ಒಬ್ಬನ ಓಟವು ಮುಗಿದೆಡೆಯಲ್ಲಿ ಇನ್ನೊಬ್ಬನದು ಮೊದಲಾಗುತ್ತಿದ್ದಿತು. ಆದರೆ ಆ ಚೀಲದೊಳಗಿನ ಮಾತು ಯಾರದು, ಅದನ್ನು ತಿಳಿಯುವ ಅಧಿಕಾರವು ಯಾರಿಗೆ ಎಂಬ ಪ್ರಶ್ನೆಯೇ ಅಂಚೆಯ ಚರಿತ್ರೆಯ ತಿರುಳು.

ಹಳಗನ್ನಡದಲ್ಲಿ ಅಂಚೆಯೆಂದರೆ ಹಂಸ. ದಮಯಂತಿಗೆ ನಳನ ವಾರ್ತೆಯನ್ನು ತಂದ ಹಂಸವು ಇಲ್ಲಿ ನೆನಪಿಗೆ ಬಾರದಿರದು. ಶಬ್ದಸಾಮ್ಯವೊಂದರಿಂದಲೇ ವ್ಯುತ್ಪತ್ತಿಯು ಸಿದ್ಧವಾಗಲಾರದು; ಅದಂತಿರಲಿ. ಅಶೋಕವನದಲ್ಲಿ ಆಂಜನೇಯನು ಸೀತಾದೇವಿಗೆ ಮುದ್ರಿಕೆಯನ್ನು ತೋರಬೇಕಾಯಿತು. ದೂತನಲ್ಲಿ ನಂಬುಗೆಯಿಲ್ಲದೆ ಸಂದೇಶಕ್ಕೆ ಬೆಲೆಯಿಲ್ಲವೆಂಬುದು ಇದರಿಂದ ಸ್ಪಷ್ಟ.

ಮೈಸೂರು ಸೀಮೆಯಲ್ಲಿ ಅಂಚೆಯನ್ನು ಕ್ರಮಬದ್ಧವಾಗಿ ನೆಲೆಗೊಳಿಸಿದ ಕೀರ್ತಿಯು, 1704ರ ವರೆಗೆ ಆಳಿದ ಚಿಕ್ಕದೇವರಾಜ ಒಡೆಯರಿಗೆ ಸಲ್ಲುತ್ತದೆ. ಇಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬವರು, 1810ರಿಂದ 1817ರ ವರೆಗೆ ಪ್ರಕಟವಾದ ತಮ್ಮ ಚರಿತ್ರೆಯಲ್ಲಿ ಈ ಅಂಚೆಯ ಇನ್ನೊಂದು ಮುಖವನ್ನು ಹೇಳಿರುವರು. ಅಂಚೆಯ ನೌಕರರು ಓಲೆಗಳನ್ನು ಸಾಗಿಸುವುದರೊಡನೆ ಆಯಾ ಪ್ರಾಂತಗಳ ರಹಸ್ಯವನ್ನು ಅರಸರಿಗೆ ಅರುಹುವ ಚಾರರೂ ಆಗಿದ್ದರಂತೆ. ಚಾರಚಕ್ಷುವಾದ ರಾಜನಿಗೆ ಇದು ನೀತಿಯೇ ಆಗಿದ್ದಿರಬಹುದು. ಪ್ರಜೆಗಳ ಪಾಲಿಗೆ ಮಾತ್ರ ಅಂಚೆಯವನು ಆಳರಸರ ಕಿವಿಯಾಗಿದ್ದನು. ಈ ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯದ ಅಂಚೆಯೊಡನೆ ಲೀನವಾಯಿತು.

ಆ ಅಂಚೆಯಾದರೂ ಮೊದಲು ಕಂಪೆನಿಯವರ ಕಾರ್ಯಕ್ಕಾಗಿಯೇ ಇದ್ದಿತು. 1774ರಲ್ಲಿ ವಾರನ್ ಹೇಸ್ಟಿಂಗ್ಸರು ಅದನ್ನು ಸಾರ್ವಜನಿಕರಿಗೆ ತೆರೆದರು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಬಡವನು ಒಳಹೊಗಲಾದೀತೆ? 1837ರ ಕಾಯಿದೆಯಂತೆ ದೂರಕ್ಕೆ ತಕ್ಕ ಹಾಸಲು. ಕಲ್ಕತ್ತೆಯಿಂದ ಬೊಂಬಾಯಿಗೆ ಒಂದು ತೊಲದ ಕಾಗದಕ್ಕೆ ಒಂದು ರೂಪಾಯಿ, ಆಗ್ರಾಕ್ಕೆ ಹನ್ನೆರಡಾಣೆ. 1854ರಲ್ಲಿ ಈ ಭೇದವು ಅಳಿಯಿತು. ಕಾಲು ತೊಲದ ಕಾಗದವು ದೇಶದ ಯಾವ ಮೂಲೆಗಾದರೂ ಅರ್ಧಾಣೆಗೆ ಹೋಗತೊಡಗಿತು. ಅದೇ ಒಂದು ತೊಲದ ಕಾಗದಕ್ಕೆ ಬೊಂಬಾಯಿಯ ವರೆಗೆ ಎರಡಾಣೆ. ಹಿಂದಿನದರ ಎಂಟರಲ್ಲೊಂದು ಪಾಲು. ಇಂಗ್ಲೆಂಡಿನಲ್ಲಿ ರೋಲಂಡ್ ಹಿಲ್ಲರ ಸೂಚನೆಯಂತೆ 1840ರಲ್ಲಿ ಜಾರಿಗೆ ಬಂದ ಏಕದರದ ತತ್ತ್ವವೇ ಇಲ್ಲಿಯೂ ಫಲಿಸಿತು.

1879ರಲ್ಲಿ ಕಾಲಾಣೆಯ ಕಾರ್ಡು ಬಂದಿತು, ಮರುವರ್ಷ ಮನಿಯಾರ್ಡರು. ಆ ಬಳಿಕ ಅಂಚೆಯವನು ಹಳ್ಳಿಯ ಜೀವನದಲ್ಲಿ ಬೆರೆತುಹೋದನು. ಅಂಚಿಗೆ ಅರಿಸಿನ ಹಚ್ಚಿದ ಕಾಗದವನ್ನು ಕಂಡೊಡನೆ ಮನೆಯವರ ಮುಖವು ಅರಳುವುದು. ಅಕ್ಷರವರಿಯದ ಮುದುಕಿಯು "ಓದಪ್ಪ, ಮಗ ಏನು ಬರೆದಿದ್ದಾನೆ?" ಎಂದರೆ, ಅಂಚೆಯವನು ಜಗಲಿಯ ಮೇಲೆ ಕುಳಿತು ಓದುವನು, ಆಕೆ ಹೇಳಿದ ಉತ್ತರವನ್ನೂ ಬರೆದುಕೊಡುವನು. ಸಾಲ, ಕಾಯಿಲೆ, ಸೊಸೆಯ ಮುನಿಸು ಎಲ್ಲವೂ ಅವನಿಗೆ ಗೊತ್ತು. ಮನೆಯ ಗುಟ್ಟನ್ನು ಬಲ್ಲುದರಲ್ಲಿ ಹಿಂದಿನ ಚಾರನಿಗೂ ಇವನಿಗೂ ಅಂತರವಿಲ್ಲ. ಆತನು ಬಲ್ಲುದನ್ನು ಅರಮನೆಗೆ ಒಪ್ಪಿಸುತ್ತಿದ್ದನು. ಈತನು ತನ್ನಲ್ಲಿಯೇ ಅಡಗಿಸಿಕೊಂಡನು. ಈ ವ್ಯತ್ಯಾಸವನ್ನು ಯಾವ ಗಾಜಿನ ಪೆಟ್ಟಿಗೆಯಲ್ಲಿಯೂ ಇರಿಸಿ ತೋರಿಸಲಾಗದು.

ಹಾಗೆಂದು ಹಳೆಯ ಪ್ರಶ್ನೆಯು ಅಳಿದುಹೋಯಿತೆಂದು ಭಾವಿಸಬಾರದು. ಕೆಲವು ನಿಮಿತ್ತಗಳಲ್ಲಿ ಅಂಚೆಯನ್ನು ತಡೆದು ವಶಪಡಿಸಿಕೊಳ್ಳುವ ಅಧಿಕಾರವನ್ನು 1898ರ ಕಾಯಿದೆಯು ಸರಕಾರಕ್ಕೆ ಕೊಟ್ಟಿದ್ದಿತು. ಅದರ ಸ್ಥಾನದಲ್ಲಿ ಬಂದ 2023ರ ಕಾಯಿದೆಯಲ್ಲಿಯೂ ಅಂತಹ ಅಧಿಕಾರವು ಉಳಿದಿದೆ. ರಾಜ್ಯರಕ್ಷಣೆಗೆ ಅದು ಬೇಕೆನ್ನುವವರ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಎಷ್ಟರ ಮಟ್ಟಿಗೆಂಬುದನ್ನು ಪ್ರಜೆಗಳು ಕೇಳುತ್ತಲೇ ಇರಬೇಕು. 2013ರಲ್ಲಿ ತಂತಿಯು ನಿಂತಿತು, ಕಾಗದ ಬರೆಯುವವರೂ ವಿರಳರಾದರು; ಸಂದೇಶಗಳು ಈಗ ಕಣ್ಣಿಗೆ ಕಾಣದ ಮಾರ್ಗದಲ್ಲಿ ಕ್ಷಣಾರ್ಧದಲ್ಲಿ ಸಾಗುತ್ತಿವೆ. ಅವುಗಳನ್ನು ಒಯ್ಯುವವರು ಯಾರು, ನಡುವೆ ಓದುವವರು ಯಾರು ಎಂಬುದು ಕಳುಹಿಸುವವನಿಗೆ ತಿಳಿಯದು. ಹರಿಕಾರನಾದರೋ ತಾನು ಬರುತ್ತಿರುವೆನೆಂದು ದೂರದಿಂದಲೇ ಸಾರಿ ಬರುತ್ತಿದ್ದನು. ಆ ಗೆಜ್ಜೆಯನ್ನು ಕಾಪಾಡಿ ಇರಿಸಿರುವುದು ಉಚಿತವೇ ಸರಿ.