ತಂತ್ರಾಂಶಕ್ಕೂ ಉಂಟು ಸಾಗಣೆ ವೆಚ್ಚ

ತಂತ್ರಾಂಶವನ್ನು ಬರೆಯಲು ಒಂದು ಗಣಕಯಂತ್ರ, ತಕ್ಕ ತಿಳಿವಳಿಕೆ ಮತ್ತು ಬಿಡುವು ಇದ್ದರೆ ಸಾಕು ಎಂದು ನೀವು ಭಾವಿಸಬಹುದು. ಬರೆಯುವುದಕ್ಕೆ ಅಷ್ಟು ಸಾಕು, ನಿಜ. ಆದರೆ ಬರೆದದ್ದನ್ನು ಬಳಸುವವರ ಕೈಗೆ ಮುಟ್ಟಿಸುವುದು ಬೇರೆಯೇ ಕೆಲಸ. ಯಾವ ಕಂಪನಿಯ ಆಸರೆಯೂ ಇಲ್ಲದ ಒಬ್ಬಂಟಿ ತಂತ್ರಜ್ಞ ಆ ಖರ್ಚನ್ನು ಹೇಗೆ ಹೊರಬೇಕು? ಈ ಪ್ರಶ್ನೆಗೆ ಒಂದೊಂದು ಕಾಲ ಒಂದೊಂದು ಉತ್ತರ ನೀಡಿದೆ.

1980ರಲ್ಲಿ ಅಮೆರಿಕದ ಕೆನ್ ಮತ್ತು ರಾಬರ್ಟಾ ವಿಲಿಯಮ್ಸ್ ದಂಪತಿಗಳು 'ಮಿಸ್ಟರಿ ಹೌಸ್' ಎಂಬ ಆಟವನ್ನು ರಚಿಸಿ, ಫ್ಲಾಪಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು 24.95 ಡಾಲರಿಗೆ ಮಾರಿದರು. ಇಂಥ ಮಾರಾಟದಲ್ಲಿ ಫ್ಲಾಪಿ, ಮುದ್ರಣ, ಜಾಹೀರಾತು, ಅಂಚೆ ಎಲ್ಲಕ್ಕೂ ಮೊದಲು ಕೈಯಿಂದಲೇ ಹಣ ಹಾಕಬೇಕು.

1982ರಲ್ಲಿ ಆಂಡ್ರ್ಯೂ ಫ್ಲೂಗಲ್‌ಮನ್ ಒಂದು ಹೊಸ ಉಪಾಯ ಹೂಡಿದರು. ತಮ್ಮ 'ಪಿಸಿ-ಟಾಕ್' ತಂತ್ರಾಂಶವನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು, ಮೆಚ್ಚಿಗೆಯಾದರೆ ಹಣ ಕಳುಹಿಸಬಹುದು ಎಂದರು. ಅದೇ ವರ್ಷ ಜಿಮ್ ನಾಫ್ 'ಪಿಸಿ-ಫೈಲ್' ಅನ್ನು ಇದೇ ರೀತಿ ಹಂಚಿದರು. ಮರುವರ್ಷ 'ಪಿಸಿ-ರೈಟ್' ತಂದ ಬಾಬ್ ವ್ಯಾಲೇಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಣ ಕಟ್ಟಿ ನೋಂದಾಯಿಸಿಕೊಂಡವರ ಪ್ರತಿಯಿಂದ ಇನ್ನೊಬ್ಬರು ನೋಂದಾಯಿಸಿದರೆ ಅವರಿಗೂ ಕಮಿಷನ್ ಕೊಟ್ಟರು. ಇದೇ 'ಶೇರ್‌ವೇರ್' ಪದ್ಧತಿ. ಗಮನಿಸಿ: ಸಾಗಣೆಯ ಖರ್ಚು ಇಲ್ಲಿ ಬಳಕೆದಾರರ ನಡುವೆ ಹಂಚಿಹೋಯಿತು. ಆದರೆ ಹಣ ಬರುವುದು ಮಾತ್ರ ಅವರ ಪ್ರಾಮಾಣಿಕತೆಯನ್ನು ನೆಚ್ಚಿಕೊಂಡಿತ್ತು.

ಮುಂದೆ ಅಂತರಜಾಲ ಬಂದಾಗ ಫ್ಲಾಪಿಯ ಖರ್ಚೂ ಉಳಿಯಿತು. ನಮ್ಮ ಕನ್ನಡದ 'ಬರಹ' ತಂತ್ರಾಂಶ 1998ರಲ್ಲಿ ಉಚಿತವಾಗಿ ಜನರಿಗೆ ದೊರೆತದ್ದು ಈ ಕಾಲದಲ್ಲಿಯೇ.

2008ರ ಜುಲೈನಲ್ಲಿ ಆಪಲ್ ಸಂಸ್ಥೆ ಐಫೋನಿಗಾಗಿ ಆಪ್ ಸ್ಟೋರ್ ತೆರೆಯಿತು. ವರ್ಷಕ್ಕೆ 99 ಡಾಲರ್ ಶುಲ್ಕ, ಮಾರಾಟದಲ್ಲಿ ಶೇಕಡಾ 30 ಪಾಲು. ಲೆಕ್ಕ ಹಾಕಿ ನೋಡೋಣ. ಒಂದು ಡಾಲರ್ ಬೆಲೆಯ ತಂತ್ರಾಂಶದ 100 ಪ್ರತಿ ಮಾರಿದರೆ ಕೈಗೆ ಬರುವುದು 70 ಡಾಲರ್. ಶುಲ್ಕ ಕಳೆದರೆ 29 ಡಾಲರ್ ನಷ್ಟ. ಶುಲ್ಕವಷ್ಟೇ ಹುಟ್ಟಬೇಕಾದರೂ 142 ಪ್ರತಿ ಮಾರಬೇಕು! ಇದಕ್ಕೆ ಪ್ರತಿಯಾಗಿ ಅಂಗಡಿಯವರು ಹಣ ವಸೂಲು ಮಾಡಿಕೊಡುತ್ತಾರೆ, ಪ್ರತಿಯನ್ನು ದೂರದೇಶಗಳಿಗೂ ತಲುಪಿಸುತ್ತಾರೆ ಎಂಬುದನ್ನೂ ಒಪ್ಪಬೇಕು. ಅದೇ ವರ್ಷ ಬಂದ ಗೂಗಲ್‌ನ ಆಂಡ್ರಾಯ್ಡ್ ಮಾರುಕಟ್ಟೆಯಲ್ಲಿ ಪ್ರವೇಶ ಶುಲ್ಕ ಒಂದೇ ಬಾರಿ, 25 ಡಾಲರ್.

ದೊಡ್ಡ ಕಂಪನಿಗೆ ಈ ಮೊತ್ತ ಲೆಕ್ಕಕ್ಕೇ ಇಲ್ಲ. ಸಣ್ಣವರಿಗೆ ಹೊರೆ. ತಕರಾರುಗಳು ಹೆಚ್ಚಿದ ಮೇಲೆ, 2021ರ ಜನವರಿಯಿಂದ ವರ್ಷಕ್ಕೆ 10 ಲಕ್ಷ ಡಾಲರಿಗಿಂತ ಹೆಚ್ಚು ಗಳಿಸದವರು ಅರ್ಜಿ ಸಲ್ಲಿಸಿದರೆ ಆಪಲ್ ತನ್ನ ಪಾಲನ್ನು ಶೇಕಡಾ 15ಕ್ಕೆ ಇಳಿಸಿತು. ವಾರ್ಷಿಕ ಶುಲ್ಕ ಮಾತ್ರ ಹಾಗೆಯೇ ಉಳಿಯಿತು.

ನಾಳೆ ನೀವೇ ಒಂದು ಕನ್ನಡ ಪದಕೋಶವನ್ನೋ ಗಣಿತದ ಆಟವನ್ನೋ ಬರೆದು ಪುಕ್ಕಟೆಯಾಗಿ ಹಂಚಲು ಹೊರಟಿರೆನ್ನಿ. ಬೆಲೆ ಸೊನ್ನೆಯಾದರೂ ಬಾಗಿಲ ಸುಂಕ ಸೊನ್ನೆಯಲ್ಲ. ಯಾವ ತಂತ್ರಾಂಶ ಜನರನ್ನು ಮುಟ್ಟುತ್ತದೆ, ಯಾವುದು ಮನೆಯಲ್ಲೇ ಉಳಿಯುತ್ತದೆ ಎಂಬುದನ್ನು ಅದರ ಗುಣವಷ್ಟೇ ಅಲ್ಲ, ಈ ಸುಂಕವೂ ತೀರ್ಮಾನಿಸುತ್ತದೆ. ಅದನ್ನು ಯಾರು ಕಟ್ಟಬೇಕು? ನಿಮ್ಮ ತರಗತಿಯಲ್ಲಿ ಚರ್ಚಿಸಿ ನೋಡಿ.