ಸಿಎನ್‌ಸಿ ರೌಟರ್, ಮನೆಯಲ್ಲಿ ಕಟ್ಟಿದ್ದು
ಹವ್ಯಾಸಿಗಳು ಸ್ವತಃ ಜೋಡಿಸಿಕೊಳ್ಳುವ, ಕಂಪ್ಯೂಟರ್ ಆದೇಶದಂತೆ ಮರ ಕೊರೆಯುವ ಯಂತ್ರ. ತಿರುಗುವ ಬಿಟ್ ಉದ್ದ, ಅಗಲ, ಆಳಗಳಲ್ಲಿ ಚಲಿಸಿ ನಾಮಫಲಕ, ಜಾಲರಿ, ಉಬ್ಬುಚಿತ್ರಗಳನ್ನು ಕೆತ್ತುತ್ತದೆ. 2009ರಲ್ಲಿ ಬಂದ ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶ, ಆರ್ಡುಯಿನೊ ಎಂಬ ಅಗ್ಗದ ನಿಯಂತ್ರಕ ಬೋರ್ಡಿನಿಂದಲೇ ಮೋಟಾರುಗಳನ್ನು ನಡೆಸಲು ದಾರಿ ಮಾಡಿಕೊಟ್ಟದ್ದು ದೊಡ್ಡ ಉಪಕಾರ. ಸಾಮಾನ್ಯ ಸ್ಟೆಪ್ಪರ್ ಮೋಟಾರು ಪ್ರತಿ ಸುತ್ತಿನಲ್ಲಿ 200 ಹೆಜ್ಜೆ ಹಾಕುತ್ತದೆ. ಒಂದು ಸುತ್ತಿಗೆ 8 ಮಿ.ಮೀ. ಸರಿಸುವ ಸ್ಕ್ರೂ ಇದ್ದರೆ ಪ್ರತಿ ಹೆಜ್ಜೆ 0.04 ಮಿ.ಮೀ. ಆದರೆ ಈ ಲೆಕ್ಕಕ್ಕಿಂತ ಚೌಕಟ್ಟಿನ ಬಿಗಿಯೇ ಮುಖ್ಯ; ಅದು ಅಲುಗಿದರೆ ಗೆರೆ ಅಂಕುಡೊಂಕಾಗುತ್ತದೆ. ಗಟ್ಟಿ ಮರವನ್ನು ಪದರ ಪದರವಾಗಿ ತೆಗೆಯಬೇಕು. ಬಿಟ್ಟನ್ನು ತೀರಾ ನಿಧಾನವಾಗಿ ಸರಿಸಿದರೆ ಅದು ಉಜ್ಜಿ ಮರ ಕರಕಾಗುತ್ತದೆ. ತಿರುಗುವ ಬಿಟ್ಟಿನಿಂದಾಗಿ ದುಂಡಗಾಗುವ ಒಳಮೂಲೆಗಳನ್ನು ಚೂಪು ಮಾಡಲು ಬಡಗಿಯ ಉಳಿಯೇ ಬೇಕು. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಧೂಳು ಶ್ವಾಸಕೋಶಕ್ಕೆ ಹಾನಿಕರ. ಮುಖಗವಸಿಲ್ಲದೆ ಯಂತ್ರ ಚಾಲೂ ಮಾಡಬಾರದು.